ಉಸಿರನ್ನು ಕಾಯುವ ವಿದ್ಯೆ

ಶಸ್ತ್ರಚಿಕಿತ್ಸೆಗೆ ಒಳಗಾಗಿ ಗುಣಹೊಂದಿ ಮನೆಗೆ ಮರಳಿದವರು ಶಸ್ತ್ರವೈದ್ಯರ ಹೆಸರನ್ನು ಆಜೀವ ಸ್ಮರಿಸುತ್ತಾರೆ. ಆಸ್ಪತ್ರೆಯ ಹೆಸರನ್ನು ಹತ್ತು ಮಂದಿಗೆ ಹೇಳುತ್ತಾರೆ. ಬಿಲ್ಲಿನ ಮೊತ್ತವನ್ನಂತೂ ಮರೆಯುವುದೇ ಇಲ್ಲ. ಆದರೆ ಆ ಎರಡು ಮೂರು ಗಂಟೆಗಳ ಕಾಲ ತಮ್ಮ ಪ್ರಜ್ಞೆಯನ್ನು ಒತ್ತೆಯಾಗಿ ಇರಿಸಿಕೊಂಡು, ತಮ್ಮ ಪರವಾಗಿ ಉಸಿರಾಡಿಸಿ, ನಾಡಿಯ ಏರಿಳಿತಗಳನ್ನು ಸಮಸ್ಥಿತಿಗೆ ತಂದು, ಕಡೆಗೆ ಆ ಒತ್ತೆಯನ್ನು ಕೂದಲೆಳೆಯಷ್ಟೂ ಊನವಾಗದಂತೆ ಹಿಂದಕ್ಕೆ ಒಪ್ಪಿಸಿದವರು ಯಾರೆಂಬುದನ್ನು ಕೇಳಿ ತಿಳಿದುಕೊಳ್ಳುವವರು ವಿರಳ. ಅರಿವಳಿಕೆಯ ವಿದ್ಯೆಗೆ ಅಂಟಿಬಂದಿರುವ ಅದೃಷ್ಟವೇ ಅಂಥದು: ಅದು ಸಫಲವಾದಷ್ಟೂ ಅದೃಶ್ಯವಾಗುತ್ತದೆ.

ಹೈದರಾಬಾದಿನ ಪಶ್ಚಿಮದಂಚಿನಲ್ಲಿರುವ ಮಣಿಕೊಂಡದಲ್ಲಿ ಈ ವಿದ್ಯೆಯ ಕುರಿತಾದ ಒಂದು ಪ್ರಶ್ನೆ ಕೇಳಿಬಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಬಂಡೆಗಲ್ಲುಗಳ ನಡುವಣ ಗ್ರಾಮವಾಗಿದ್ದುದು ಗಗನಚುಂಬಿ ಗೃಹಸಂಕೀರ್ಣಗಳ ಪೇಟೆಯಾಗಿ, ೨೦೧೮ರಲ್ಲಿ ಪುರಸಭೆಯ ಪದವಿಯನ್ನೂ ಪಡೆದ ಈ ಬಡಾವಣೆಯ ನೆರೆಯಲ್ಲಿಯೇ ಗಚ್ಚಿಬೌಲಿ, ನಾನಕ್‌ರಾಮ್‌ಗುಡಗಳ ದೊಡ್ಡ ಖಾಸಗಿ ಆಸ್ಪತ್ರೆಗಳು ತಲೆಯೆತ್ತಿವೆ. ಇಲ್ಲಿ ಬಾಡಿಗೆಗೆ ನೆಲಸಿದವರೆಲ್ಲ ಸಾಫ್ಟ್‌ವೇರಿನವರೇ ಅಲ್ಲ. ಆ ಆಸ್ಪತ್ರೆಗಳ ವಾರ್ಡುಗಳನ್ನೂ ತೀವ್ರನಿಗಾ ಘಟಕಗಳನ್ನೂ ಹಗಲಿರುಳು ನಡೆಸತಕ್ಕ ಶುಶ್ರೂಷಕಿಯರೂ ಶುಶ್ರೂಷಕರೂ ಈ ಸುತ್ತಿನವರೇ. ಬೀದರ, ಕಲಬುರಗಿ, ರಾಯಚೂರುಗಳ ಜನರಿಗೆ, ೧೯೫೬ರ ರಾಜ್ಯಪುನರ್ವಿಂಗಡಣೆಯವರೆಗೂ ತಮ್ಮ ರಾಜಧಾನಿಯೇ ಆಗಿದ್ದ ಈ ನಗರ, ಓದಿಗೂ ಉದ್ಯೋಗಕ್ಕೂ ಕಾಯಿಲೆಗೂ ಇಂದಿಗೂ ಹತ್ತಿರದ ದಾರಿಯಾಗಿ ಉಳಿದಿದೆ. ಐಸಿಯುವಿನಲ್ಲಿ ನಾಲ್ಕಾರು ವರ್ಷ ದುಡಿದು, ವೆಂಟಿಲೇಟರಿನ ಒಂದೊಂದು ಸದ್ದಿನ ಅರ್ಥವನ್ನೂ ಬಲ್ಲ ಶುಶ್ರೂಷಕಿಯೊಬ್ಬಳು ಮುಂದುವರಿದು ಅರಿವಳಿಕೆಯ ವಿದ್ಯೆಯಲ್ಲಿ ಸ್ನಾತಕೋತ್ತರ ಪಾಂಡಿತ್ಯವನ್ನು ಗಳಿಸಿ, ಅದನ್ನೇ ವೃತ್ತಿಯಾಗಿ ನಡೆಸುವುದಕ್ಕೆ ಮಾರ್ಗವುಂಟೆ ಎಂಬುದೇ ಆ ಪ್ರಶ್ನೆ. ಭಾರತದಲ್ಲಿ ಅಂಥ ಮಾರ್ಗವಿಲ್ಲ. ಅಮೆರಿಕದಲ್ಲಿ ಉಂಟು, ಮತ್ತು ಅಲ್ಲಿ ಅದು ನೂರು ವರ್ಷಗಳಿಗೂ ಹಿಂದಿನದು. ಆ ಮಾರ್ಗವನ್ನು ಹೇಗೆ ಕಟ್ಟಿದ್ದಾರೆಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡುವುದರಿಂದ ನಮಗೂ ಕಲಿಯಲು ವಿಷಯವಿದೆ.

ನಿಜಾಮನ ನಗರದ ವಾದವಿವಾದ

ಅದಕ್ಕೆ ಮೊದಲು ಮಣಿಕೊಂಡದ ಮನೆಗಳಿಂದ ಗಂಟೆಯೊಳಗೆ ತಲುಪಬಹುದಾದ ಹಳೆಯ ನಗರವನ್ನು ಒಮ್ಮೆ ಸ್ಮರಿಸಬೇಕು. ಏಕೆಂದರೆ ಅರಿವಳಿಕೆಯ ಚರಿತ್ರೆಯಲ್ಲಿ ಹೈದರಾಬಾದಿಗೆ ತನ್ನದೇ ಆದ ಅಧ್ಯಾಯವಿದೆ. ೧೮೪೬ರಲ್ಲಿ ಇಲ್ಲಿ ವೈದ್ಯಶಾಲೆಯೊಂದು ಸ್ಥಾಪಿತವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಸ್ಟನ್ ನಗರದಲ್ಲಿ ಈಥರಿನ ಪ್ರಯೋಗ ಬಹಿರಂಗವಾಗಿ ನಡೆಯಿತು. ಮರುವರ್ಷದ ನವೆಂಬರಿನಲ್ಲಿ ಎಡಿನ್‌ಬರೋದ ವೈದ್ಯ ಸಿಂಪ್ಸನ್ ಕ್ಲೋರೋಫಾರ್ಮನ್ನು ಲೋಕಕ್ಕೆ ಪರಿಚಯಿಸಿದನು. ಬಲುಬೇಗ ಹಬ್ಬಿದ ಈ ದ್ರವ್ಯ ಬೇನೆಯನ್ನು ನೀಗಿಸಿದಂತೆಯೇ, ಆಗೊಮ್ಮೆ ಈಗೊಮ್ಮೆ, ಹಠಾತ್ತಾಗಿ, ಪ್ರಾಣವನ್ನೂ ಒಯ್ಯುತ್ತಿತ್ತು. ಮರಣಕ್ಕೆ ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ವಿಷಯದಲ್ಲಿ ವೈದ್ಯಲೋಕ ಎರಡು ಪಕ್ಷವಾಯಿತು: ನಾಡಿಯ ಗೊಡವೆ ಬೇಡ, ಉಸಿರನ್ನು ನೋಡಿಕೊಂಡರೆ ಸಾಕೆಂದು ಎಡಿನ್‌ಬರೋದ ಸಂಪ್ರದಾಯ, ನಾಡಿಯ ಮೇಲಿನ ಬೆರಳನ್ನು ತೆಗೆಯಲೇ ಬಾರದೆಂದು ಲಂಡನ್ನಿನ ಸಂಪ್ರದಾಯ.

ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ನನೂ ವೈದ್ಯಶಾಲೆಯ ಮುಖ್ಯಸ್ಥನೂ ಆಗಿದ್ದ ಎಡ್ವರ್ಡ್ ಲಾರಿ, ಎಡಿನ್‌ಬರೋದಲ್ಲಿ ಸೈಮ್ ಎಂಬ ಶಸ್ತ್ರವೈದ್ಯನ ಬಳಿ ಪಳಗಿದವನಾದ್ದರಿಂದ ಮೊದಲನೆಯ ಪಕ್ಷದ ಕಟ್ಟಾ ಅನುಯಾಯಿ. ಅವನ ಪ್ರೇರಣೆಯಿಂದ ೧೮೮೮ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ನಡೆದು, ಉಸಿರು ಮೊದಲು ನಿಲ್ಲುತ್ತದೆಂಬ ನಿರ್ಣಯಕ್ಕೆ ಬಂದಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಸಂಶಯದಿಂದ ನೋಡಲಾಗಿ, ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಒಂದು ಸಾವಿರ ಪೌಂಡುಗಳನ್ನು ಕೊಟ್ಟು, ಪರೀಕ್ಷಿಸಲು ನಿಮ್ಮವರೊಬ್ಬರನ್ನೇ ಕಳುಹಿಸಿರೆಂದನು. ಹಾಗೆ ೧೮೮೯ರಲ್ಲಿ ಬಂದವನು ಲಾಡರ್ ಬ್ರಂಟನ್ ಎಂಬ ಪ್ರಖ್ಯಾತ ಔಷಧವಿಜ್ಞಾನಿ. ನಾನೂರಕ್ಕೂ ಮಿಕ್ಕ ಪ್ರಾಣಿಗಳ ಮೇಲೆ ಪ್ರಯೋಗ ನಡೆದು, ಸಂಶಯಾತ್ಮನಾಗಿ ಬಂದಿದ್ದ ಬ್ರಂಟನ್ನನೂ ಲಾರಿಯ ಪಕ್ಷಕ್ಕೇ ಒಲಿದನು. ಆದರೆ ಶಾಸ್ತ್ರವು ಅಷ್ಟಕ್ಕೇ ನಿಲ್ಲಲಿಲ್ಲ. ಕ್ಲೋರೋಫಾರ್ಮಿನ ಹಗುರವಾದ ಅಮಲಿನಲ್ಲಿಯೇ ಹೃದಯದ ಲಯ ಛಿದ್ರವಾಗಿ ಮರಣ ಸಂಭವಿಸಬಹುದೆಂಬುದನ್ನು ೧೯೧೧ರಲ್ಲಿ ಲೆವಿ ಎಂಬ ಸಂಶೋಧಕನು ನಿಸ್ಸಂದಿಗ್ಧವಾಗಿ ತೋರಿಸಿಕೊಟ್ಟನು. ಉಸಿರನ್ನು ಎವೆಯಿಕ್ಕದೆ ನೋಡೆಂದ ಲಾರಿಯ ಉಪದೇಶ ಅಮೂಲ್ಯವಾದದ್ದೇ. ಉಳಿದುದನ್ನು ನೋಡಬೇಡವೆಂದದ್ದು ಮಾತ್ರ ಪ್ರಮಾದವಾಯಿತು. ಜಾಗರೂಕತೆಗೆ ಶಾಸ್ತ್ರದ ಬೆಳಕು ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯದು.

ಲಾರಿಯ ಶಿಷ್ಯವರ್ಗದಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರಸಿ ಮಹಿಳೆಯೊಬ್ಬರಿದ್ದರು. ಹೈದರಾಬಾದಿನ ವೈದ್ಯಶಾಲೆಯಲ್ಲಿಯೇ ಕಲಿತು, ಈ ನಗರದ ಆಸ್ಪತ್ರೆಗಳಲ್ಲಿ ಕ್ಲೋರೋಫಾರ್ಮ್ ಕೊಡುವುದನ್ನೇ ಮುಖ್ಯ ವೃತ್ತಿಯಾಗಿ ಕೈಗೊಂಡ ಈಕೆಯನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯೆಂದು ಎಣಿಸುವವರಿದ್ದಾರೆ. ನಮ್ಮ ಪ್ರಕೃತ ವಿಷಯಕ್ಕೆ ಸಂಬಂಧಿಸಿದ್ದು ಆಕೆ ೧೯೦೯ರಲ್ಲಿ ಎಡಿನ್‌ಬರೋಕ್ಕೆ ತೆರಳಿದ ಸಂಗತಿ. ಅರಿವಳಿಕೆಗೆಂದೇ ಮೀಸಲಾದ ಡಿಪ್ಲೊಮಾ ಪರೀಕ್ಷೆ ಇಂಗ್ಲೆಂಡಿನಲ್ಲಿ ಆರಂಭವಾದದ್ದು ೧೯೩೫ರಲ್ಲಿ. ಅದಿಲ್ಲದ ಕಾಲದಲ್ಲಿ, ಕೈಯಲ್ಲಿ ಅನುಭವವಿದ್ದೂ, ಆಕೆ ಅಲ್ಲಿ ಅಭ್ಯಸಿಸಿದ್ದು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳನ್ನು. ಮೊದಲು ರೋಗಿಯ ತಲೆಯ ಬಳಿ ನಿಂತು ಪಡೆದ ಅನುಭವ, ಅನಂತರ ಆ ಅನುಭವಕ್ಕೆ ಆಧಾರವಾದ ಶಾಸ್ತ್ರ, ಈ ಕ್ರಮವನ್ನು ಆಕೆ ತಾನಾಗಿಯೇ ಕಂಡುಕೊಂಡಿದ್ದರು. ಅಮೆರಿಕದ ಶುಶ್ರೂಷಕಿಯರು ಮುಂದೆ ತಮ್ಮ ಶಿಕ್ಷಣಕ್ಕೆ ಅಡಿಗಲ್ಲಾಗಿ ಇಟ್ಟದ್ದೂ ಇದೇ ಕ್ರಮವನ್ನು.

ಶುಶ್ರೂಷಕಿಯ ಕೈಗೆ ಬಂದ ಈಥರ್

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಈಥರ್ ಹನಿಕಿಸುವ ಕೆಲಸ ಬಹುಮಟ್ಟಿಗೆ ಕಿರಿಯ ವೈದ್ಯರ ಪಾಲಿನದಾಗಿತ್ತು. ಅವರ ಕಣ್ಣಾದರೋ ಶಸ್ತ್ರವೈದ್ಯನ ಕೈಚಳಕದ ಮೇಲೆ. ನಾಳೆ ತಾನೂ ಅದನ್ನು ಮಾಡಬೇಕಾದವನು ಇಂದು ರೋಗಿಯ ಮುಖವನ್ನೇ ನೋಡುತ್ತ ಕೂರುವುದೆಂತು? ಈ ಅನವಧಾನದಿಂದ ಬೇಸತ್ತ ಶಸ್ತ್ರವೈದ್ಯರು ಆ ಕೆಲಸಕ್ಕೆ ಶುಶ್ರೂಷಕಿಯರನ್ನು ಕರೆದರು. ಮಿನ್ನೆಸೋಟಾದ ರಾಚೆಸ್ಟರಿನಲ್ಲಿ ಮೇಯೋ ಸಹೋದರರ ಬಳಿ ದುಡಿದ ಆಲಿಸ್ ಮಗಾ ಎಂಬಾಕೆ ಹನಿಹನಿಯಾಗಿ ಈಥರ್ ಕೊಡುವ ಪದ್ಧತಿಯನ್ನು ಒಂದು ಕಲೆಯೆಂಬಷ್ಟು ಪರಿಷ್ಕರಿಸಿ, ರೋಗಿಯೊಡನೆ ಮೆಲುದನಿಯಲ್ಲಿ ಮಾತನಾಡುತ್ತ ಭಯವನ್ನು ಶಮನಗೊಳಿಸುವುದೂ ಔಷಧದ ಒಂದು ಅಂಶವೇ ಎಂದು ತೋರಿಸಿ, ೧೯೦೬ರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಪ್ರಸಂಗಗಳ ಸಮೀಕ್ಷೆಯನ್ನು ಪ್ರಕಟಿಸಿದಳು. ಅವುಗಳಲ್ಲಿ ಅರಿವಳಿಕೆಯಿಂದಲೇ ಆದ ಮರಣ ಒಂದೂ ಇರಲಿಲ್ಲ.

ವ್ಯಕ್ತಿಗತ ಪ್ರತಿಭೆಯಾಗಿದ್ದ ಇದನ್ನು ಶಿಕ್ಷಣಕ್ರಮವಾಗಿ ಮಾರ್ಪಡಿಸಿದವಳು ಆಗಾಥಾ ಹಾಜಿನ್ಸ್. ಕ್ಲೀವ್‌ಲ್ಯಾಂಡಿನ ಲೇಕ್‌ಸೈಡ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಜಾರ್ಜ್ ಕ್ರೈಲನ ಸಹೋದ್ಯೋಗಿಯಾಗಿದ್ದ ಆಕೆ ೧೯೧೫ರಲ್ಲಿ ಅಲ್ಲಿ ಶಾಲೆಯನ್ನು ತೆರೆದಳು. ೧೯೩೧ರಲ್ಲಿ ಅರಿವಳಿಕೆ ಶುಶ್ರೂಷಕಿಯರ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದಳು. ವೈದ್ಯರ ಕೆಲಸವನ್ನು ವೈದ್ಯರಲ್ಲದವರು ಮಾಡುತ್ತಿರುವರೆಂಬ ಆಕ್ಷೇಪಣೆ ನ್ಯಾಯಾಲಯಗಳವರೆಗೂ ಹೋಗಿ, ೧೯೩೬ರಲ್ಲಿ ಕ್ಯಾಲಿಫೋರ್ನಿಯಾದ ಶ್ರೇಷ್ಠ ನ್ಯಾಯಾಲಯ ಶುಶ್ರೂಷಕಿಯರ ಪರವಾಗಿ ತೀರ್ಪಿತ್ತಿತು. ಸಂಘದವರು ತೀರ್ಪಿನ ನೆರಳಿನಲ್ಲಿ ವಿಶ್ರಮಿಸದೆ, ಹಕ್ಕನ್ನು ಉಳಿಸಿಕೊಳ್ಳುವ ದಾರಿ ಪರೀಕ್ಷೆಯನ್ನು ಕಠಿಣಗೊಳಿಸುವುದೇ ಎಂದು ಬಗೆದರು: ೧೯೪೫ರಲ್ಲಿ ಮೊದಲ ಅರ್ಹತಾ ಪರೀಕ್ಷೆ, ೧೯೫೨ರಲ್ಲಿ ಶಾಲೆಗಳ ಮಾನ್ಯತಾ ವ್ಯವಸ್ಥೆ, ೧೯೯೮ರ ವೇಳೆಗೆ ಎಲ್ಲ ಶಾಲೆಗಳಲ್ಲಿಯೂ ಸ್ನಾತಕೋತ್ತರ ಪದವಿ, ೨೦೨೨ರಿಂದ ಸೇರುವವರೆಲ್ಲರಿಗೂ ಡಾಕ್ಟರೇಟ್ ಮಟ್ಟದ ವ್ಯಾಸಂಗ.

ಮೆಟ್ಟಿಲುಗಳ ರಚನೆ

ಈ ಸೋಪಾನದ ಮೊದಲ ಮೆಟ್ಟಿಲು ವಿಶ್ವವಿದ್ಯಾಲಯದ ಒಳಗಿಲ್ಲವೆಂಬುದೇ ಇದರ ವೈಶಿಷ್ಟ್ಯ. ಸ್ನಾತಕ ಪದವಿಯನ್ನೂ ನೋಂದಾಯಿತ ಶುಶ್ರೂಷಕಿಯ ಪರವಾನಗಿಯನ್ನೂ ಪಡೆದವಳು, ಕಡಿಮೆಯೆಂದರೆ ಒಂದು ವರ್ಷ ಪೂರ್ಣಾವಧಿ, ತೀವ್ರನಿಗಾ ಘಟಕದಲ್ಲಿ ದುಡಿದಿರಬೇಕು. ರಕ್ತದೊತ್ತಡವನ್ನು ಎತ್ತಿಹಿಡಿಯುವ ಔಷಧಗಳ ಹನಿಯನ್ನು ನಿಮಿಷನಿಮಿಷಕ್ಕೂ ಹೆಚ್ಚುಕಡಮೆ ಮಾಡಿದವಳು, ವೆಂಟಿಲೇಟರಿನ ಮೇಲಿರುವವನ ಕಳವಳವನ್ನು ಅವನು ಹೇಳಲಾರದಿದ್ದರೂ ಅರಿತುಕೊಂಡವಳು, ವೈದ್ಯ ಬರುವುದರೊಳಗೆ ಏನು ಮಾಡಬೇಕೆಂಬುದನ್ನು ಸ್ವತಃ ನಿರ್ಣಯಿಸಬಲ್ಲವಳು, ಇಂಥವಳಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಅಂದರೆ, ಕಲಿಸುವುದಕ್ಕೆ ಅತ್ಯಂತ ದುಸ್ಸಾಧ್ಯವಾದ ಗುಣವನ್ನು, ಎಂದರೆ ಬೇಸರಿಸದ ಎಚ್ಚರವನ್ನು, ಶಾಲೆಯವರು ಪ್ರವೇಶದ ಮೂಲಧನವಾಗಿಯೇ ಕೇಳುತ್ತಾರೆ.

ಪ್ರವೇಶವಾದ ಮೇಲೆ ವ್ಯಾಸಂಗ ಕನಿಷ್ಠಪಕ್ಷ ಮೂವತ್ತಾರು ತಿಂಗಳು. ಶರೀರಕ್ರಿಯೆ ಮತ್ತು ರೋಗಕ್ರಿಯೆಗಳಿಗೆ ೧೨೦ ಗಂಟೆ, ಔಷಧಶಾಸ್ತ್ರಕ್ಕೆ ೯೦ ಗಂಟೆ, ಅರಿವಳಿಕೆಯ ತತ್ತ್ವಗಳಿಗೆ ೧೨೦ ಗಂಟೆ, ಹೀಗೆ ಮಾನ್ಯತಾ ಮಂಡಳಿಯವರು ಪಾಠದ ಕನಿಷ್ಠಾವಧಿಯನ್ನು ಗೊತ್ತುಮಾಡಿದ್ದಾರೆ. ಇದರೊಳಗೆ ಅನಿಲಗಳ ನಿಯಮಗಳೂ, ಯಂತ್ರಗಳ ರಚನೆಯೂ ಬರುತ್ತವೆ. ರೂಪಾಬಾಯಿಯವರು ಎಡಿನ್‌ಬರೋದಲ್ಲಿ ಅರಸಿದ್ದು ಇದನ್ನೇ. ಕೆಲವು ಶಾಲೆಗಳು ಮೊದಲು ಪಾಠಗಳನ್ನೆಲ್ಲ ಮುಗಿಸಿ ಅನಂತರ ಶಸ್ತ್ರಚಿಕಿತ್ಸಾಗಾರಕ್ಕೆ ಕಳುಹಿಸುತ್ತವೆ. ಮತ್ತೆ ಕೆಲವು ಶಾಲೆಗಳು ಎರಡನ್ನೂ ಜೊತೆಜೊತೆಯಾಗಿ ಹೆಣೆಯುತ್ತವೆ. ಜೀವಂತ ರೋಗಿಯ ಬಳಿಗೆ ಹೋಗುವ ಮುನ್ನ, ಉಸಿರಾಡುವ ಕೃತಕ ದೇಹಗಳ ಮೇಲೆ ವಿಪತ್ತುಗಳನ್ನು ಕೃತಕವಾಗಿಯೇ ಹೂಡಿ, ಶ್ವಾಸನಾಳಕ್ಕೆ ಕೊಳವೆ ಹೋಗದಿದ್ದರೆ ಏನು, ರಕ್ತದೊತ್ತಡ ಕುಸಿದರೆ ಏನು, ಎಂದು ಮತ್ತೆ ಮತ್ತೆ ಅಭ್ಯಾಸಮಾಡಿಸುತ್ತಾರೆ.

ಅದರ ಮುಂದಿನದೇ ನಿಜವಾದ ತಪಸ್ಸು. ಎರಡು ಸಾವಿರ ಗಂಟೆಗಳ ಚಿಕಿತ್ಸಾನುಭವ, ಕಡಿಮೆಯೆಂದರೆ ೬೦೦ ಪ್ರಸಂಗಗಳು. ಈ ಆರುನೂರನ್ನೂ ಮನಬಂದಂತೆ ಆಯ್ದುಕೊಳ್ಳುವ ಹಾಗಿಲ್ಲ. ಪೂರ್ಣ ಅರಿವಳಿಕೆಯವು ೪೦೦. ಶ್ವಾಸನಾಳಕ್ಕೆ ಕೊಳವೆ ಇಳಿಸಿದವು ೨೫೦. ಹೃದ್ರೋಗವೋ ಮೂತ್ರಪಿಂಡದ ವೈಫಲ್ಯವೋ ಮೊದಲೇ ಇದ್ದು ಅಪಾಯದ ಅಂಚಿನಲ್ಲಿರುವವರು ೨೦೦. ಅರುವತ್ತೈದು ದಾಟಿದ ವೃದ್ಧರು ೧೦೦. ಎರಡರಿಂದ ಹನ್ನೆರಡು ವರ್ಷದ ಮಕ್ಕಳು ೩೦. ಎರಡು ವರ್ಷ ತುಂಬದ ಶಿಶುಗಳು ೧೦. ಹೆರಿಗೆಯ ಪ್ರಸಂಗಗಳು ೩೦. ಒಂದೇ ಪ್ರಸಂಗವು ಎರಡು ಮೂರು ವರ್ಗಗಳಲ್ಲಿ ಎಣಿಕೆಗೆ ಬರುವುದುಂಟು. ಆದರೆ ಯಾವ ವರ್ಗವೂ ಬರಿದಾಗಿ ಉಳಿಯುವಂತಿಲ್ಲ. ಮೇಲುನೋಟಕ್ಕೆ ಗುಮಾಸ್ತಗಿರಿಯೆಂದು ತೋರುವ ಈ ಲೆಕ್ಕಾಚಾರದ ಅಂತರಾರ್ಥ ಗಹನವಾದದ್ದು: ಆರೋಗ್ಯವಂತ ಯುವಕನ ಅಪೆಂಡಿಕ್ಸನ್ನು ನೂರು ಬಾರಿ ನೋಡಿದ ಮಾತ್ರಕ್ಕೆ ಹತ್ತು ತಿಂಗಳ ಶಿಶುವಿನ ಉಸಿರನ್ನು ಕಾಯುವ ಯೋಗ್ಯತೆ ಬಾರದೆಂಬುದನ್ನು ಅದು ವಿದ್ಯಾರ್ಥಿನಿಯ ಆತ್ಮವಿಶ್ವಾಸಕ್ಕೆ ಬಿಡದೆ ನಿಯಮದಲ್ಲಿಯೇ ಬರೆದಿಟ್ಟಿದೆ. ಒಬ್ಬ ಬೋಧಕರಿಗೆ ಏಕಕಾಲದಲ್ಲಿ ಇಬ್ಬರಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ಒಪ್ಪಿಸಬಾರದು. ಪಾಠ, ಆಸ್ಪತ್ರೆ ಎಲ್ಲ ಸೇರಿ ವಾರಕ್ಕೆ ಸರಾಸರಿ ಅರುವತ್ತನಾಲ್ಕು ಗಂಟೆಗಳನ್ನು ಮೀರಬಾರದು. ದಣಿದ ಕಣ್ಣಿಗೆ ಎಚ್ಚರವನ್ನು ಕಲಿಸುವುದು ಅಸಂಗತವೆಂಬುದನ್ನು ಅವರು ಬಲ್ಲರು.

ಹೀಗೆ ಪಳಗಿದ ಕಿವಿಗೆ ಶಸ್ತ್ರಚಿಕಿತ್ಸಾಗಾರದ ಸದ್ದು ಬೇರೆಯಾಗಿ ಕೇಳಿಸುತ್ತದೆ. ರಕ್ತದ ಆಮ್ಲಜನಕವನ್ನು ಅಳೆಯುವ ಯಂತ್ರದ ಸ್ವರ, ಆಮ್ಲಜನಕ ಇಳಿದಂತೆ ತಾನೂ ಇಳಿಯುವ ಹಾಗೆ ರಚಿತವಾಗಿದೆ. ತಂಬೂರಿಯ ಶ್ರುತಿ ಎಳೆಯಷ್ಟು ಜಾರಿದರೂ ತಟ್ಟನೆ ತಿರುಗಿ ನೋಡುವ ಗವಾಯಿಯಂತೆ, ಔಷಧ ತುಂಬುತ್ತಿರುವಾಗಲೂ ಆಕೆಯ ಕಿವಿ ಆ ಸ್ವರದ ಮೇಲೆಯೇ ಇರುತ್ತದೆ.

ವ್ಯಾಸಂಗದ ಅಂತ್ಯದಲ್ಲಿ ಒಂದು ವಿದ್ವತ್ಪ್ರಬಂಧ ಅಥವಾ ಯೋಜನೆ. ಅನಂತರ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಗಣಕಯಂತ್ರದ ಮುಂದೆ ಕುಳಿತು ಉತ್ತರಿಸುವ ಈ ಪರೀಕ್ಷೆಯಲ್ಲಿ ಪ್ರಶ್ನೆಗಳು ನೂರರಿಂದ ನೂರ ಎಪ್ಪತ್ತರವರೆಗೆ. ಹಿಂದಿನ ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಠಿಣವಾಗುತ್ತ, ತಪ್ಪಾದರೆ ಸುಲಭವಾಗುತ್ತ, ಪರೀಕ್ಷಾರ್ಥಿಯ ಸಾಮರ್ಥ್ಯದ ನೆಲೆ ನಿಶ್ಚಯವಾಗುವವರೆಗೂ ಮುಂದುವರಿಯುತ್ತದೆ. ತೇರ್ಗಡೆಯಾದವರಿಗೆ ಸಿಆರ್‌ಎನ್‌ಎ, ಅಂದರೆ ಪ್ರಮಾಣಿತ ನೋಂದಾಯಿತ ಅರಿವಳಿಕೆ ಶುಶ್ರೂಷಕಿ, ಎಂಬ ಬಿರುದು. ಅದೂ ಶಾಶ್ವತವಲ್ಲ, ನಾಲ್ಕು ವರ್ಷಕ್ಕೊಮ್ಮೆ, ಕಲಿಕೆಯನ್ನು ಮುಂದುವರಿಸಿರುವುದಕ್ಕೆ ಸಾಕ್ಷ್ಯವೊದಗಿಸಿ, ನವೀಕರಿಸಿಕೊಳ್ಳತಕ್ಕದ್ದು.

ಮಣಿಕೊಂಡದಿಂದ ಹೊರಟರೆ

ಈ ದಾರಿಯನ್ನು ಮಣಿಕೊಂಡದಿಂದ ಆರಂಭಿಸುವುದಾದರೆ ಮೊದಲ ಹೆಜ್ಜೆ ಕಷ್ಟವಾದದ್ದಲ್ಲ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು ತಮ್ಮ ಅಂಕಪಟ್ಟಿಗಳನ್ನು ಅಮೆರಿಕದ ಸಂಸ್ಥೆಗಳಿಂದ ಪರಿಶೀಲಿಸಿಕೊಂಡು, ಎನ್‌ಸಿಎಲ್‌ಇಎಕ್ಸ್ ಎಂಬ ಪರವಾನಗಿ ಪರೀಕ್ಷೆಯನ್ನು ಹೈದರಾಬಾದಿನಲ್ಲಿಯೇ ಬರೆಯಬಹುದು. ಅನಂತರ ಭಾಷಾಪರೀಕ್ಷೆ, ವೀಸಾ, ಅದರ ದೀರ್ಘನಿರೀಕ್ಷೆ. ಅಲ್ಲಿಗೆ ಮುಟ್ಟಿದ ಮೇಲೆ ಎದುರಾಗುವ ನಿಯಮವೊಂದು ಮಾತ್ರ ಹೊಸಬರನ್ನು ದಂಗುಬಡಿಸುತ್ತದೆ: ಪ್ರವೇಶಕ್ಕೆ ಬೇಕಾದ ಆ ಒಂದು ವರ್ಷದ ತೀವ್ರನಿಗಾ ಅನುಭವ ಅಮೆರಿಕದ ನೆಲದಲ್ಲಿಯೋ, ಅದರ ಅಧೀನ ಪ್ರದೇಶಗಳಲ್ಲಿಯೋ, ವಿದೇಶಗಳಲ್ಲಿರುವ ಅದರ ಸೈನಿಕ ಆಸ್ಪತ್ರೆಗಳಲ್ಲಿಯೋ ಪಡೆದುದಾಗಿರಬೇಕು. ಗಚ್ಚಿಬೌಲಿಯಲ್ಲಿ ಕಳೆದ ಇರುಳುಗಳು, ಕೋವಿಡ್ ಕಾಲದ ಇರುಳುಗಳೂ ಸಹ, ಆ ಲೆಕ್ಕಕ್ಕೆ ಸೇರವು. ಎಚ್ಚರದ ಅಭ್ಯಾಸ ಅವಳ ಜೊತೆಯಲ್ಲಿ ವಿಮಾನವೇರುತ್ತದೆ. ಅದರ ಪ್ರಮಾಣಪತ್ರ ಮಾತ್ರ ಏರದು.

ಇತ್ತ, ನಮ್ಮಲ್ಲಿ? ಭಾರತದಲ್ಲಿ ಅರಿವಳಿಕೆ ಕೊಡುವ ಅಧಿಕಾರ ವೈದ್ಯರಿಗೆ ಮಾತ್ರ. ಎಂಬಿಬಿಎಸ್ ನಂತರ ಮೂರು ವರ್ಷದ ಎಂ.ಡಿ. ಅದಕ್ಕೆ ರಾಜಮಾರ್ಗ. ಶುಶ್ರೂಷಾ ಎಂ.ಎಸ್ಸಿ. ಪದವಿಗೆ ಐದು ಶಾಖೆಗಳುಂಟು. ವೈದ್ಯ-ಶಸ್ತ್ರಚಿಕಿತ್ಸೆ, ಪ್ರಸೂತಿ, ಶಿಶು, ಮಾನಸಿಕ, ಸಮುದಾಯ. ಅರಿವಳಿಕೆ ಇವುಗಳಲ್ಲಿ ಇಲ್ಲ. ಬೇರೊಂದು ದಿಕ್ಕಿನಿಂದ ಬಂದವರು ಅರಿವಳಿಕೆ ತಂತ್ರಜ್ಞರು: ಕರ್ನಾಟಕದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಪಿಯುಸಿ ಆದವರಿಗೆ ಮೂರು ವರ್ಷದ ಬಿ.ಎಸ್ಸಿ., ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ೨೦೨೧ರ ಕೇಂದ್ರ ಕಾಯಿದೆಯೊಂದು ಇವರ ವೃತ್ತಿಯನ್ನು ಪಟ್ಟಿಗೆ ಸೇರಿಸಿಕೊಂಡಿದೆ. ಯಂತ್ರವನ್ನು ಸಜ್ಜುಗೊಳಿಸಿ, ವೈದ್ಯರ ಬಲಗೈಯಾಗಿ ನಿಲ್ಲುವ ಇವರ ಉಪಯುಕ್ತತೆ ನಿರ್ವಿವಾದ. ಆದರೆ ಇಲ್ಲಿ ಕ್ರಮ ತಲೆಕೆಳಗಾಗಿದೆ: ಯಂತ್ರದ ಪರಿಚಯ ಮೊದಲು, ರೋಗಿಯ ಪರಿಚಯ ಆಮೇಲೆ, ರೋಗಿಯನ್ನು ಚೆನ್ನಾಗಿ ಬಲ್ಲ ಶುಶ್ರೂಷಕಿಗಾದರೋ ಯಂತ್ರದ ಕಡೆಗೆ ದಾರಿಯಿಲ್ಲ.

ಗ್ರಾಮಾಂತರದ ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞರು ದೊರೆಯದೆ ಸಿಸೇರಿಯನ್ ನಿಂತುಹೋಗುವ ಸಂಕಟವನ್ನು ಸರಕಾರ ಕಾಣದೆ ಇರಲಿಲ್ಲ. ಎಂಬಿಬಿಎಸ್ ವೈದ್ಯರಿಗೇ ಹದಿನೆಂಟು ವಾರಗಳ ವಿಶೇಷ ತರಬೇತಿಯನ್ನಿತ್ತು, ತುರ್ತು ಹೆರಿಗೆಗಳಿಗೆ ಬೇಕಾದಷ್ಟು ಅರಿವಳಿಕೆಯನ್ನು ಕಲಿಸುವ ಯೋಜನೆಯನ್ನು ಅದು ಈ ಶತಮಾನದ ಆರಂಭದಲ್ಲಿಯೇ ಕೈಗೊಂಡಿತು. ಶುಶ್ರೂಷಕಿಯರ ವಿಷಯದಲ್ಲಿಯೂ ಒಂದು ಬೆಳಕಿಂಡಿ ತೆರೆದಿದೆ. ಭಾರತೀಯ ಶುಶ್ರೂಷಾ ಪರಿಷತ್ತು ೨೦೧೬ರಲ್ಲಿ ಜಾರಿಗೆ ತಂದ ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಎಂಬ ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿಯಲ್ಲಿ ಪೂರ್ವಾನುಭವ ಕಡ್ಡಾಯ. ವ್ಯಾಸಂಗದ ಹೆಚ್ಚಿನ ಭಾಗ ನಡೆಯುವುದೂ ರೋಗಿಯ ಮಂಚದ ಬಳಿಯಲ್ಲಿಯೇ. ಅಮೆರಿಕದ ಸೋಪಾನಕ್ಕೆ ಇದಕ್ಕಿಂತ ಹತ್ತಿರವಾದದ್ದು ನಮ್ಮಲ್ಲಿ ಇಲ್ಲ.

ವೈದ್ಯರ ಆತಂಕವನ್ನೂ ಲಘುವಾಗಿ ತಳ್ಳಿಹಾಕಲಾಗದು. ಅರ್ಧ ಕಲಿತವನು ಉಸಿರಿಗೆ ಕೈಹಾಕಿದರೆ ಅದರ ಫಲ ನಿಮಿಷಗಳಲ್ಲಿ ಗೋಚರಿಸುತ್ತದೆ, ತಿದ್ದಿಕೊಳ್ಳಲು ವೇಳೆಯಿರದು. ಅಮೆರಿಕದಲ್ಲಿಯೂ ಈ ಶುಶ್ರೂಷಕಿಯರು ವೈದ್ಯರ ಮೇಲ್ವಿಚಾರಣೆಯಲ್ಲಿರಬೇಕೆ, ಸ್ವತಂತ್ರರಾಗಿರಬಹುದೆ ಎಂಬ ಜಗಳ ತೀರಿಲ್ಲ. ೨೦೦೧ರಲ್ಲಿ ಅಲ್ಲಿನ ಕೇಂದ್ರ ಸರಕಾರ ಆ ನಿರ್ಣಯವನ್ನು ರಾಜ್ಯಗಳಿಗೆ ಬಿಟ್ಟ ಮೇಲೆ ಒಂದೊಂದು ರಾಜ್ಯ ಒಂದೊಂದು ದಾರಿ ಹಿಡಿದಿದೆ. ಆದರೆ ಸ್ವಾತಂತ್ರ್ಯವೊಂದೇ ಮಾದರಿಯಲ್ಲ. ಸ್ವೀಡನ್ನಿನಲ್ಲಿ ಮೂರು ವರ್ಷದ ಶುಶ್ರೂಷಾ ಪದವಿಯ ಮೇಲೆ ಒಂದು ವರ್ಷದ ವಿಶೇಷ ವ್ಯಾಸಂಗವುಂಟು. ಫ್ರಾನ್ಸಿನಲ್ಲಿ ಎರಡು ವರ್ಷದ ವ್ಯಾಸಂಗ, ಸರಕಾರದ ಡಿಪ್ಲೊಮಾ. ಅಲ್ಲಿನವರು ಅರಿವಳಿಕೆ ವೈದ್ಯರ ನಿರ್ದೇಶನದಲ್ಲಿಯೇ ಕೆಲಸ ಮಾಡುತ್ತಾರೆ, ಮತ್ತು ಅದರಿಂದ ಅವರ ವಿದ್ಯೆಗೆ ಕುಂದೇನೂ ಬಂದಿಲ್ಲ.

ಆದುದರಿಂದ ಅಧಿಕಾರ ಯಾರಿಗೆಂಬ ಜಗಳವನ್ನು ಬದಿಗಿರಿಸಿ, ಶಿಕ್ಷಣದ ಕ್ರಮವನ್ನು ಮೊದಲು ಇತ್ಯರ್ಥಗೊಳಿಸುವುದು ವಿವೇಕ. ೧೯೪೭ರ ಶುಶ್ರೂಷಾ ಪರಿಷತ್ತಿನ ಕಾಯಿದೆಗೆ ಬದಲಾಗಿ ೨೦೨೩ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯಿದೆ ಬಂದಿದೆ. ಪಠ್ಯಕ್ರಮಗಳನ್ನು ಹೊಸದಾಗಿ ನೇಯುವ ಅವಕಾಶ ಈ ಆಯೋಗದ ಕೈಯಲ್ಲಿದೆ. ತೀವ್ರನಿಗಾ ರೆಸಿಡೆನ್ಸಿಗೆ ಹೊಂದಿಕೊಂಡು ಅರಿವಳಿಕೆಯ ಒಂದು ಶಾಖೆ, ಪ್ರವೇಶಕ್ಕೆ ಪದವಿಯ ಜೊತೆಗೆ ಐಸಿಯುವಿನ ವರ್ಷಗಳು, ವೃದ್ಧರು, ಶಿಶುಗಳು, ಗರ್ಭಿಣಿಯರೆಂದು ವಿಂಗಡಿಸಿ ಎಣಿಸಿದ ಪ್ರಸಂಗಗಳು, ಕಲಿಸಿದವರೇ ಪರೀಕ್ಷಕರಾಗದಂಥ ರಾಷ್ಟ್ರೀಯ ಪರೀಕ್ಷೆ, ಕಾಲಕಾಲಕ್ಕೆ ನವೀಕರಣ, ಮೊದಮೊದಲು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ವೃತ್ತಿ: ಇಷ್ಟನ್ನು ಏರ್ಪಡಿಸುವುದಕ್ಕೆ ಹೊಸ ಕಟ್ಟಡಗಳೂ ಬೇಡ, ವಿದೇಶದ ಹಣವೂ ಬೇಡ. ಬೀದರದ, ರಾಯಚೂರಿನ ತಾಲ್ಲೂಕು ಆಸ್ಪತ್ರೆಗಳಿಗೆ ಬೇಕಾಗಿರುವವರು, ಬೀದರ ರಾಯಚೂರುಗಳಿಂದಲೇ ಹೊರಟು ಹೈದರಾಬಾದಿನ ಐಸಿಯುಗಳಲ್ಲಿ ಈಗಾಗಲೇ ಅರ್ಧ ಕಲಿತಿದ್ದಾರೆ. ಉಳಿದ ಅರ್ಧವನ್ನು ಕಲಿಸುವ ಶಾಲೆಯನ್ನು ನಾವು ತೆರೆಯದಿದ್ದರೆ, ಅದನ್ನು ತೆರೆದಿಟ್ಟಿರುವ ದೇಶಕ್ಕೆ ಅವರು ಹೋಗುತ್ತಾರೆ. ಅದಕ್ಕಾಗಿ ಅವರನ್ನು ದೂರುವ ಹಕ್ಕು ಆಗ ನಮಗೆ ಇರುವುದಿಲ್ಲ.